ರೇಚಲ್ ಕಾರ್ಸನ್: ಹೊಳೆಯ ಮೀನಿನ ಲೆಕ್ಕ

ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ರೇಚಲ್ ಕಾರ್ಸನ್ ಅವರ ಹೆಸರು ಬಂದರೂ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಡಿಡಿಟಿಯಿಂದ ಹಕ್ಕಿಗಳು ಸತ್ತವು, ಅವರು ಪುಸ್ತಕ ಬರೆದರು, ಡಿಡಿಟಿ ನಿಷೇಧವಾಯಿತು. ಸಾಲು ತಪ್ಪಲ್ಲ. ಆದರೆ ಕಾರ್ಸನ್ ಓದಿನಿಂದಲೂ ಉದ್ಯೋಗದಿಂದಲೂ ಜಲಚರಗಳ ವಿಜ್ಞಾನಿ ಎಂಬುದು, ಅವರ ಪುಸ್ತಕದ ಬಲವಾದ ಸಾಕ್ಷ್ಯಗಳಲ್ಲಿ ಕೆಲವು ಹೊಳೆಯ ಮೀನುಗಳಿಂದ ಬಂದವೆಂಬುದು ಅದರಲ್ಲಿ ಬಿಟ್ಟುಹೋಗುತ್ತದೆ. ಅಭ್ಯಾಸ ಬೋಧನೆಗೆ ಹೊರಟಿರುವ ಪ್ರಶಿಕ್ಷಣಾರ್ಥಿಗಳಿಗೆ ಆಹಾರ ಸರಪಳಿಯ ಪಾಠ ಹೇಗೂ ಎದುರಾಗುತ್ತದೆ. ಆ ಪಾಠದ ಹಿಂದೆ ಇರುವ ವ್ಯಕ್ತಿಯ ಬದುಕನ್ನು ಸ್ವಲ್ಪ ವಿವರವಾಗಿ ತಿಳಿದಿದ್ದರೆ ಕರಿಹಲಗೆಯ ಮೇಲೆ ಬರೆಯುವ ಚಿತ್ರಕ್ಕೆ ಜೀವ ಬರುತ್ತದೆ.

ಕಾರ್ಸನ್ ಹುಟ್ಟಿದ್ದು 1907ರ ಮೇ 27ರಂದು, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಮೂವರು ಮಕ್ಕಳಲ್ಲಿ ಕೊನೆಯವರು. ಊರಿನ ಪಕ್ಕದಲ್ಲೇ ಅಲಿಗೆನಿ ನದಿ. ಮನೆಗೆ 65 ಎಕರೆ ಜಮೀನಿತ್ತು, ಸೇಬಿನ ಗಿಡಗಳಿದ್ದವು, ಹಣ ಮಾತ್ರ ಇರಲಿಲ್ಲ. ತಾಯಿ ಮರಿಯಾ ಮದುವೆಗೆ ಮುಂಚೆ ಶಿಕ್ಷಕಿಯಾಗಿದ್ದವರು. ಮಗಳನ್ನು ಕೈಹಿಡಿದು ಕಾಡಿನಂಚಿಗೆ, ಹೊಳೆಯ ದಡಕ್ಕೆ ಕರೆದೊಯ್ದು ಹಕ್ಕಿ, ಹುಳ, ಹೂಗಳ ಹೆಸರು ಹೇಳಿಕೊಟ್ಟವರು ಅವರೇ. ಹತ್ತು ಹನ್ನೊಂದರ ವಯಸ್ಸಿಗೆ ಹುಡುಗಿಯ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ತಾನು ಬರಹಗಾರ್ತಿಯೇ ಆಗುವುದೆಂದು ಅವರು ಆಗಲೇ ನಿಶ್ಚಯಿಸಿಕೊಂಡಿದ್ದರು.

ಹಾಗಾಗಿ ಪಿಟ್ಸ್‌ಬರ್ಗ್‌ನ ಮಹಿಳಾ ಕಾಲೇಜಿಗೆ ಸೇರಿದಾಗ ಆರಿಸಿಕೊಂಡದ್ದು ಇಂಗ್ಲಿಷ್ ಸಾಹಿತ್ಯ. ಶುಲ್ಕ ಕಟ್ಟಲು ಮನೆಯವರು ಪಟ್ಟ ಪಾಡು ಸಣ್ಣದಲ್ಲ. ತಾಯಿ ಪಿಯಾನೊ ಪಾಠ ಹೇಳಿದರು, ಮನೆಯಲ್ಲಿದ್ದ ಪಿಂಗಾಣಿ ಪಾತ್ರೆಗಳನ್ನೂ ಮಾರಿದರು. ಆ ಕಾಲೇಜಿನಲ್ಲಿ ವಿಜ್ಞಾನದ ಒಂದು ವಿಷಯವನ್ನು ಎಲ್ಲರೂ ಓದಲೇಬೇಕಿತ್ತು. ಕಾರ್ಸನ್ ಜೀವಶಾಸ್ತ್ರದ ತರಗತಿಗೆ ಹೋಗಿ ಕುಳಿತರು. ಅಲ್ಲಿ ಪಾಠ ಮಾಡುತ್ತಿದ್ದವರು ಮೇರಿ ಸ್ಕಾಟ್ ಸ್ಕಿಂಕರ್. ಕಟ್ಟುನಿಟ್ಟಿನ ಶಿಕ್ಷಕಿ, ಅಂಕ ಕೊಡುವುದರಲ್ಲಿ ಉದಾರಿಯಲ್ಲ, ಆದರೆ ಕಪ್ಪೆಯನ್ನೋ ಎಲೆಯನ್ನೋ ನೋಡುವ ಬಗೆಯನ್ನು ಕಲಿಸಿಬಿಡುವಂಥವರು. 1928ರಲ್ಲಿ, ಪದವಿಗೆ ಇನ್ನು ಒಂದೂವರೆ ವರ್ಷವಷ್ಟೇ ಉಳಿದಿರುವಾಗ, ಕಾರ್ಸನ್ ಸಾಹಿತ್ಯ ಬಿಟ್ಟು ಜೀವಶಾಸ್ತ್ರಕ್ಕೆ ಬದಲಾದರು. ಹೆಣ್ಣುಮಕ್ಕಳಿಗೆ ವಿಜ್ಞಾನದಲ್ಲಿ ಕೆಲಸ ಸಿಗುವುದು ಕಷ್ಟವಿದ್ದ ಕಾಲ ಅದು. ಇದು ದುಡುಕು ಎಂದು ಕಾಲೇಜಿನಲ್ಲಿ ಹಲವರಿಗೆ ಅನ್ನಿಸಿತ್ತು. ಸ್ಕಿಂಕರ್ ಮುಂದೆ ಆ ಕಾಲೇಜನ್ನು ಬಿಟ್ಟುಹೋದರೂ ಗುರು ಶಿಷ್ಯೆಯರ ಸಂಬಂಧ ಕಡಿಯಲಿಲ್ಲ. ಇಪ್ಪತ್ತು ವರ್ಷಗಳ ನಂತರ ಸ್ಕಿಂಕರ್ ಕ್ಯಾನ್ಸರ್‌ನಿಂದ ಸಾಯುವ ಹೊತ್ತಿಗೆ ಕಾರ್ಸನ್ ದೂರದೂರಿನಿಂದ ಹೋಗಿ ಹಾಸಿಗೆಯ ಪಕ್ಕ ಕುಳಿತಿದ್ದರು.

1929ರಲ್ಲಿ ಪದವಿ ಮುಗಿಯಿತು. ಆ ಬೇಸಿಗೆಯಲ್ಲಿ ವುಡ್ಸ್ ಹೋಲ್‌ನ ಸಾಗರ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಹೋದಾಗ ಅವರು ಮೊದಲ ಸಲ ಸಮುದ್ರವನ್ನು ಕಂಡರು. ಬಳಿಕ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದು. ಸಂಶೋಧನೆಗೆ ಮೊದಲು ಹಾವುಗಳನ್ನು, ಆಮೇಲೆ ಅಳಿಲುಗಳನ್ನು ತೆಗೆದುಕೊಂಡು ಕೈಸೋತರು. ಕೊನೆಗೆ ಹಿಡಿದದ್ದು ಸಿಹಿನೀರಿನ ಮೀಸೆಮೀನು, ಅಲ್ಲಿಯವರು ಕ್ಯಾಟ್‌ಫಿಶ್ ಎನ್ನುವ ಜಾತಿ. ಮೊಟ್ಟೆಯೊಳಗಿನ ಭ್ರೂಣದಲ್ಲಿ, ಈಗಷ್ಟೇ ಹೊರಬಂದ ಮರಿಯಲ್ಲಿ, ಮೊದಲ ಮೂತ್ರಪಿಂಡ ಹೇಗೆ ಬೆಳೆಯುತ್ತದೆ ಎಂಬುದು ವಿಷಯ. ದೊಡ್ಡ ಮೀನಿನಲ್ಲಿ ಈ ಅಂಗದ ಜಾಗವನ್ನು ಬೇರೆ ಮೂತ್ರಪಿಂಡ ಹಿಡಿಯುತ್ತದೆ. ಆದರೆ ಬದುಕಿನ ಮೊದಲ ದಿನಗಳಲ್ಲಿ ಮೈಯಿಂದ ಹೆಚ್ಚಿನ ನೀರನ್ನು ಹೊರಹಾಕುವ ಭಾರ ಇದರ ಮೇಲೆಯೇ. ಸೂಕ್ಷ್ಮದರ್ಶಕದಡಿ ಸಾವಿರಾರು ತೆಳು ಪದರಗಳನ್ನು ನೋಡಿ, ಚಿತ್ರ ಬರೆದು, 1932ರಲ್ಲಿ ಎಂ.ಎ. ಪದವಿ ಪಡೆದರು. ಮೀನಿನ ಮರಿ ಎಷ್ಟು ನಾಜೂಕಿನ ಯಂತ್ರ ಎಂಬುದನ್ನು ಕೈಯಾರೆ ಕಂಡಿದ್ದವರು ಮುಂದೆ ಕೀಟನಾಶಕದ ಬಗ್ಗೆ ಬರೆದರು ಎಂಬುದನ್ನು ನೆನಪಿಡಬೇಕು.

ಪಿಎಚ್.ಡಿ. ಆಗಲಿಲ್ಲ. ಆರ್ಥಿಕ ಮುಗ್ಗಟ್ಟಿನ ಕಾಲ, ಮನೆಯ ಹೊರೆ. 1935ರಲ್ಲಿ ತಂದೆ ತೀರಿಕೊಂಡರು. ಅರೆಕಾಲಿಕವಾಗಿ ಪಾಠ ಹೇಳುತ್ತಿದ್ದ ಕಾರ್ಸನ್ ಸರ್ಕಾರದ ಮೀನುಗಾರಿಕೆ ಇಲಾಖೆಯ ಬಾಗಿಲು ತಟ್ಟಿದರು. ಜಲಚರಗಳ ಬಗ್ಗೆ ಏಳೇಳು ನಿಮಿಷದ 52 ರೇಡಿಯೋ ಕಾರ್ಯಕ್ರಮಗಳನ್ನು ಬರೆಯುವ ಕೆಲಸ ಸಿಕ್ಕಿತು. ವಿಜ್ಞಾನ ಗೊತ್ತಿದ್ದವರಿಗೆ ಬರೆಯಲು ಬಾರದೆ, ಬರೆಯಬಲ್ಲವರಿಗೆ ವಿಜ್ಞಾನ ತಿಳಿಯದೆ ಆ ಕೆಲಸ ನಿಂತುಹೋಗಿತ್ತು. ಮರುವರ್ಷ, 1936ರಲ್ಲಿ, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಕಿರಿಯ ಜಲಜೀವ ವಿಜ್ಞಾನಿಯಾಗಿ ಕಾಯಂ ಆದರು. ಆ ಇಲಾಖೆಯಲ್ಲಿ ಇಂಥ ಹುದ್ದೆಗೆ ಬಂದ ಎರಡನೆಯ ಮಹಿಳೆ. ಒಮ್ಮೆ ಇಲಾಖೆಯ ಕಿರುಹೊತ್ತಗೆಗೆಂದು ಬರೆದ ಮುನ್ನುಡಿಯನ್ನು ಮೇಲಧಿಕಾರಿ ಎಲ್ಮರ್ ಹಿಗಿನ್ಸ್ ಹಿಂದಿರುಗಿಸಿದರು. ಸರ್ಕಾರಿ ಪ್ರಕಟಣೆಗೆ ಅದು ತೀರ ಚೆನ್ನಾಗಿದೆ, ಒಳ್ಳೆಯ ಮಾಸಪತ್ರಿಕೆಗೆ ಕಳುಹಿಸುವುದು ಲೇಸು ಎಂಬುದು ಅವರ ಅಭಿಪ್ರಾಯವಾಗಿತ್ತು. ಅಟ್ಲಾಂಟಿಕ್ ಪತ್ರಿಕೆ 1937ರಲ್ಲಿ ಅದನ್ನು ಅಚ್ಚುಮಾಡಿತು. ಅದೇ ವರ್ಷ ಅಕ್ಕ ತೀರಿಕೊಂಡು, ಇಬ್ಬರು ಹೆಣ್ಣುಮಕ್ಕಳ ಜವಾಬ್ದಾರಿ ತಾಯಿ ಮತ್ತು ಕಾರ್ಸನ್ ಮೇಲೆ ಬಿತ್ತು.

ಸಮುದ್ರದ ಮೇಲಿನ ಮೂರು ಪುಸ್ತಕಗಳ ವಿಚಾರ ಇಲ್ಲಿ ಚುಟುಕಾಗಿ ಸಾಕು. 1941ರ ಮೊದಲ ಪುಸ್ತಕ ಯುದ್ಧದ ಗದ್ದಲದಲ್ಲಿ ಮಾರಾಟವಾಗಲಿಲ್ಲ. ಅದರ ಮೂರನೆಯ ಭಾಗ ಒಳನಾಡಿನ ಕೊಳದಿಂದ ಹೊರಟು ನದಿ ಹಿಡಿದು ಸಮುದ್ರ ಸೇರುವ ಹಾವುಮೀನಿನ ಪ್ರಯಾಣ. 1951ರ ಎರಡನೆಯ ಪುಸ್ತಕ ಅವರನ್ನು ಒಮ್ಮೆಲೆ ಹೆಸರುವಾಸಿ ಮಾಡಿತು, 86 ವಾರ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಲ್ಲಿತ್ತು. 1952ರಲ್ಲಿ ನೌಕರಿಗೆ ರಾಜೀನಾಮೆ ಕೊಟ್ಟು ಪೂರ್ಣ ಬರಹಕ್ಕಿಳಿದರು. ಮೂರನೆಯ ಪುಸ್ತಕ 1955ರಲ್ಲಿ ಬಂತು.

ಇನ್ನು ಡಿಡಿಟಿ. ಅದು ಕೀಟಗಳನ್ನು ಕೊಲ್ಲುತ್ತದೆಂದು 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಬಹುಮಾನ ಬಂತು. ಬಂದದ್ದು ಸುಮ್ಮನೆ ಅಲ್ಲ. ಯುದ್ಧಕಾಲದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಹೇನಿನಿಂದ ಹರಡುತ್ತಿದ್ದ ಟೈಫಸ್ ಜ್ವರವನ್ನು ಈ ಪುಡಿ ತಡೆದಿತ್ತು. ಮಲೇರಿಯಾ ಹರಡುವ ಸೊಳ್ಳೆಯ ವಿರುದ್ಧವೂ ಕೆಲಸ ಮಾಡಿತ್ತು. ಯುದ್ಧ ಮುಗಿದೊಡನೆ ಅದು ಹೊಲಕ್ಕೆ, ಕಾಡಿಗೆ, ಕೆರೆಗೆ ಬಂತು. ಮೀನು ಮತ್ತು ವನ್ಯಜೀವಿಗಳ ಮೇಲೆ ಅದರ ಪರಿಣಾಮವನ್ನು ಕಾರ್ಸನ್ ಅವರ ಇಲಾಖೆಯೇ ಪರೀಕ್ಷಿಸುತ್ತಿತ್ತು. ಅದರ ಬಗ್ಗೆ ಲೇಖನ ಬರೆಯುತ್ತೇನೆಂದು 1945ರಲ್ಲೇ ಅವರು ರೀಡರ್ಸ್ ಡೈಜೆಸ್ಟ್‌ಗೆ ಪತ್ರ ಹಾಕಿದ್ದರು. ಪತ್ರಿಕೆ ಒಲ್ಲೆನೆಂದಿತು. ವಿಷಯ ಹದಿಮೂರು ವರ್ಷ ಅವರೊಳಗೇ ಉಳಿಯಿತು.

1958ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಸ್ನೇಹಿತೆ ಓಲ್ಗಾ ಹಕಿನ್ಸ್, ತಮ್ಮ ಜಾಗದ ಮೇಲೆ ವಿಮಾನದಿಂದ ಸೊಳ್ಳೆ ಔಷಧ ಸಿಂಪಡಿಸಿದ ಮೇಲೆ ಹಕ್ಕಿಗಳು ಸತ್ತದ್ದನ್ನು ಬರೆದು ತಿಳಿಸಿದರು. ಯಾರಾದರೂ ಇದನ್ನು ಬರೆಯಲಿ ಎಂದು ಕಾರ್ಸನ್ ಮೊದಲು ಬೇರೆಯವರನ್ನು ಹುಡುಕಿದರು. ಸಿಗದಿದ್ದಾಗ ತಾವೇ ಕುಳಿತರು. ಹಿಂದಿನ ವರ್ಷವಷ್ಟೇ ಅಕ್ಕನ ಮಗಳೂ ತೀರಿಕೊಂಡು, ಆಕೆಯ ಐದು ವರ್ಷದ ಮಗ ರೋಜರ್‌ನನ್ನು ಅವರು ದತ್ತು ತೆಗೆದುಕೊಂಡಿದ್ದರು. ಆ ವರ್ಷದ ಕೊನೆಗೆ ತಾಯಿಯೂ ಹೋದರು. ಮನೆಯಲ್ಲಿ ಪುಟ್ಟ ಹುಡುಗ, ಮೇಜಿನ ಮೇಲೆ ದೇಶದ ಮೂಲೆಮೂಲೆಯಿಂದ ತರಿಸಿದ ವರದಿಗಳು.

ಆ ವರದಿಗಳಲ್ಲಿ ಒಂದನ್ನು ನಾವು ನಿಧಾನವಾಗಿ ನೋಡಬೇಕು. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಿರಾಮಿಶಿ ನದಿ ಸಾಲ್ಮನ್ ಮೀನಿಗೆ ಹೆಸರಾದದ್ದು. ಸಾಲ್ಮನ್ ಸಮುದ್ರದಿಂದ ನದಿಗೆ ಹತ್ತಿಬಂದು ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಡುತ್ತದೆ. ಮರಿಗಳು ಎರಡು ಮೂರು ವರ್ಷ ಹೊಳೆಯ ಹುಳಗಳನ್ನು ತಿಂದು ಬೆಳೆದು ಸಮುದ್ರಕ್ಕಿಳಿಯುತ್ತವೆ. 1954ರ ಜೂನ್‌ನಲ್ಲಿ, ಮರಗಳ ಚಿಗುರು ತಿನ್ನುವ ಹುಳುವನ್ನು ಕೊಲ್ಲಲು, ಈ ನದಿಯ ಕಾಡಿನ ಮೇಲೆ ವಿಮಾನಗಳು ಎಕರೆಗೆ ಅರ್ಧ ಪೌಂಡಿನಂತೆ, ಅಂದರೆ ಸುಮಾರು 225 ಗ್ರಾಂ, ಡಿಡಿಟಿ ಸುರಿದವು. ಹೊಳೆಯನ್ನು ಬಿಟ್ಟು ಸಿಂಪಡಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಎರಡು ದಿನಗಳೊಳಗೆ ದಡದುದ್ದಕ್ಕೂ ಸತ್ತ ಮೀನುಗಳು.

ಇಂಥ ಸುದ್ದಿಗಳು ಬೇರೆಡೆಯೂ ಇದ್ದವು. ಮಿರಾಮಿಶಿಯ ವಿಶೇಷವೇ ಬೇರೆ. ಅಲ್ಲಿನ ಮೀನುಗಾರಿಕೆ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 1950ರಿಂದ ವರ್ಷವರ್ಷವೂ ಆ ಹೊಳೆಯ ಮೀನುಗಳನ್ನು ವಯಸ್ಸಿನ ಪ್ರಕಾರ ಎಣಿಸುತ್ತಿದ್ದರು. ಕೀಟನಾಶಕಕ್ಕೂ ಆ ಎಣಿಕೆಗೂ ಸಂಬಂಧವಿರಲಿಲ್ಲ, ಸಾಲ್ಮನ್ ಸಂತತಿಯನ್ನು ತಿಳಿಯಲು ನಡೆಯುತ್ತಿದ್ದ ಕೆಲಸ ಅದು. ಸಿಂಪರಣೆಯ ಬಳಿಕ ಅವರು ಮತ್ತೆ ಎಣಿಸಿದರು. ಆ ವಸಂತದಲ್ಲಿ ಹುಟ್ಟಿದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. 1953ರಲ್ಲಿ ಹುಟ್ಟಿದವುಗಳಲ್ಲಿ ಆರಕ್ಕೆ ಒಂದು ಉಳಿದಿತ್ತು. 1952ರ ಮರಿಗಳಲ್ಲಿ, ಸಮುದ್ರಕ್ಕೆ ಹೊರಡಲು ಸಿದ್ಧವಾಗಿದ್ದವುಗಳಲ್ಲಿ, ಮೂರನೆಯ ಒಂದು ಪಾಲು ಹೋಗಿತ್ತು. ಮೊದಲಿನ ಲೆಕ್ಕ ಇದ್ದುದರಿಂದಲೇ ನಂತರದ ಲೆಕ್ಕಕ್ಕೆ ಬೆಲೆ ಬಂತು. ಮೀನು ಪ್ರತಿ ವರ್ಷವೂ ಸಾಯುತ್ತದೆ, ಇದೂ ಹಾಗೆಯೇ ಎಂದು ತಳ್ಳಿಹಾಕಲು ದಾರಿಯಿರಲಿಲ್ಲ. ನನ್ನ ದೃಷ್ಟಿಯಲ್ಲಿ ಕಾರ್ಸನ್ ಅವರ ಪುಸ್ತಕದ ಹದಿನೇಳು ಅಧ್ಯಾಯಗಳಲ್ಲಿ ವಿಜ್ಞಾನ ಶಿಕ್ಷಕರು ಮೊದಲು ಓದಬೇಕಾದದ್ದು ಈ ಒಂಬತ್ತನೆಯದು. ಹೋಲಿಕೆಗೆ ಆಧಾರವಿಲ್ಲದ ಪ್ರಯೋಗ ಏಕೆ ಪ್ರಯೋಗವಲ್ಲ ಎಂಬುದನ್ನು ಒಂಬತ್ತನೆಯ ತರಗತಿಯವರಿಗೂ ಇದರಿಂದ ತಿಳಿಸಬಹುದು.

ಸತ್ತದ್ದು ಮೀನು ಮಾತ್ರವಲ್ಲ. ಕಲ್ಲಿಗಂಟಿಕೊಂಡು ಬದುಕುವ ಹುಳಗಳು, ಕಸಕಡ್ಡಿಯ ಚೀಲ ಕಟ್ಟಿಕೊಳ್ಳುವ ಮರಿಹುಳಗಳು, ಎಲ್ಲ ಹೋದವು. ವಿಷದಿಂದ ಪಾರಾದ ಮೀನಿಗೆ ತಿನ್ನಲು ಏನೂ ಇರಲಿಲ್ಲ. ಸಣ್ಣ ನೊಣಗಳ ಮರಿಗಳು ಬೇಗ ಮರಳುತ್ತವೆ, ದೊಡ್ಡ ಹುಳಗಳು ಮರಳಲು ವರ್ಷಗಳು ಬೇಕು. ಆ ಶರತ್ಕಾಲದಲ್ಲಿ ಬಂದ ಚಂಡಮಾರುತವೊಂದು ನದಿಗೆ ನೆರೆ ತಂದು, ಹೆಚ್ಚು ಸಾಲ್ಮನ್‌ಗಳು ಮೇಲೇರಿ ಮೊಟ್ಟೆಯಿಡುವಂತಾಯಿತು. ಹೊಳೆಗೆ ಸಿಕ್ಕ ಅದೃಷ್ಟದ ಸಹಾಯವೆಂದರೆ ಅಷ್ಟೇ.

ಯೆಲ್ಲೋಸ್ಟೋನ್ ನದಿಯ ಕಥೆ ಇನ್ನೊಂದು ಬಗೆಯದು. 1955ರ ಬೇಸಿಗೆಯಲ್ಲಿ ಸಿಂಪರಣೆ ನಡೆಯಿತು, ಆಗ ಏನೂ ಆದಂತೆ ಕಾಣಲಿಲ್ಲ. ಶರತ್ಕಾಲ ಬಂದ ಮೇಲೆ 90 ಮೈಲಿ ಉದ್ದಕ್ಕೂ ಮೀನುಗಳು ಸಾಯತೊಡಗಿದವು. ಡಿಡಿಟಿ ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಆಹಾರ ಕಡಿಮೆಯಾಗಿ ಮೀನು ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುವಾಗ ಆ ವಿಷ ರಕ್ತಕ್ಕೆ ಬರುತ್ತದೆ. ಅಲಬಾಮದಲ್ಲಿ 1950ರಲ್ಲಿ ನಡೆದದ್ದು ನಮ್ಮ ರೈತರಿಗೆ ಬೇಗ ಅರ್ಥವಾದೀತು. ಹತ್ತಿ ಬೆಳೆಗೆ ಹೊಡೆದ ಟಾಕ್ಸಾಫಿನ್ ಒಂದು ಜೋರು ಮಳೆಗೆ ತೊಳೆದುಹೋಗಿ ಟೆನೆಸಿ ನದಿಯ 15 ಉಪನದಿಗಳ ಮೀನುಗಳನ್ನು ಕೊಂದಿತು. ಯಾರೂ ಹೊಳೆಗೆ ವಿಷ ಸುರಿದಿರಲಿಲ್ಲ, ಹೊಲಕ್ಕೆ ಹಾಕಿದ್ದರು ಅಷ್ಟೆ.

ಪಾಠಪುಸ್ತಕಗಳು ಜೈವಿಕ ಸಂವರ್ಧನೆ ಎಂದು ಕರೆಯುವ ವಿದ್ಯಮಾನಕ್ಕೆ ಕಾರ್ಸನ್ ಕೊಟ್ಟ ಉದಾಹರಣೆ ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್. ಕಚ್ಚದೆ ಕಾಟ ಮಾತ್ರ ಕೊಡುವ ಒಂದು ನುಸಿಯನ್ನು ಕೊಲ್ಲಲು ಡಿಡಿಟಿಯ ಸಂಬಂಧಿಯಾದ ಡಿಡಿಡಿಯನ್ನು 1949, 1954 ಮತ್ತು 1957ರಲ್ಲಿ ಈ ಸರೋವರಕ್ಕೆ ಹಾಕಿದರು. ಮೀನಿಗೆ ಇದು ಕಡಿಮೆ ಅಪಾಯಕಾರಿ ಎಂದೇ ಆರಿಸಿದ್ದರು. 1954ರ ಪ್ರಮಾಣ ಐದು ಕೋಟಿ ಪಾಲು ನೀರಿಗೆ ಒಂದು ಪಾಲು. ತರಗತಿಯಲ್ಲಿ ಇದನ್ನು ಹತ್ತು ಸಾವಿರ ಲೀಟರಿನ ಐದು ಟ್ಯಾಂಕರ್ ನೀರಿಗೆ ಒಂದು ಗ್ರಾಂ ಎಂದು ಹೇಳಿದರೆ ಮಕ್ಕಳಿಗೆ ಹಿಡಿತಕ್ಕೆ ಬರುತ್ತದೆ. ದಶಲಕ್ಷಕ್ಕೆ ಲೆಕ್ಕ ಹಾಕಿದರೆ 0.02 ಪಾಲು. ತೇಲುವ ಸೂಕ್ಷ್ಮಜೀವಿಗಳಲ್ಲಿ ಅದು 5 ಪಾಲಾಗಿತ್ತು, ಸಸ್ಯ ತಿನ್ನುವ ಮೀನುಗಳಲ್ಲಿ 40ರಿಂದ 300, ಮೀನು ತಿನ್ನುವ ಗ್ರೀಬ್ ಹಕ್ಕಿಯ ಕೊಬ್ಬಿನಲ್ಲಿ 1,600. ಕಂದುಬಣ್ಣದ ಒಂದು ಕ್ಯಾಟ್‌ಫಿಶ್‌ನಲ್ಲಿ 2,500 ಸಿಕ್ಕಿತು. ನೀರಿನಿಂದ ಸೂಕ್ಷ್ಮಜೀವಿಗೆ ಎಷ್ಟು ಪಟ್ಟು, ನೀರಿನಿಂದ ಹಕ್ಕಿಗೆ ಎಷ್ಟು ಪಟ್ಟು ಎಂದು ಮಕ್ಕಳೇ ಭಾಗಿಸಿ ನೋಡಲಿ. 250 ಮತ್ತು 80,000 ಎಂಬ ಉತ್ತರ ಅವರ ಕೈಯಿಂದಲೇ ಬರಬೇಕು. ಬಾಣದ ಗುರುತುಗಳಿರುವ ಚಾರ್ಟನ್ನು ಮೊದಲೇ ತೂಗುಹಾಕಿಬಿಟ್ಟರೆ ಆ ಸುಖ ತಪ್ಪುತ್ತದೆ.

ಮೀನಿಗೇ ಏಕೆ ಇಷ್ಟು ಪೆಟ್ಟು ಎಂದು ಮಕ್ಕಳು ಕೇಳುತ್ತಾರೆ, ಕೇಳಬೇಕು. ಉತ್ತರ ಕಿವಿರಿನಲ್ಲಿದೆ. ನೀರಿನಲ್ಲಿರುವ ಸ್ವಲ್ಪವೇ ಆಮ್ಲಜನಕಕ್ಕಾಗಿ ಮೀನು ಬಿಡುವಿಲ್ಲದೆ ನೀರನ್ನು ಕಿವಿರಿನ ಮೂಲಕ ಹಾಯಿಸುತ್ತದೆ. ಕಿವಿರಿನ ಪೊರೆ ತೀರ ತೆಳು, ಅದರ ಆಚೆಗೇ ರಕ್ತ. ಡಿಡಿಟಿಯಂಥ ಕ್ಲೋರಿನ್ ಸಂಯುಕ್ತಗಳು ನರಗಳನ್ನು ಕೆಡಿಸುತ್ತವೆ, ಕೊಬ್ಬಿನಲ್ಲಿ ಉಳಿಯುತ್ತವೆ. ರಂಜಕದ ಸಂಯುಕ್ತಗಳು ನರ ಮತ್ತು ಸ್ನಾಯುವಿನ ನಡುವಿನ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನು ತಡೆಯುತ್ತವೆ. ಮೀನು ಒದ್ದಾಡುತ್ತದೆ, ಸುತ್ತು ತಿರುಗುತ್ತದೆ, ಮೇಲೆ ಬಂದು ಬಾಯಿ ಬಿಡುತ್ತದೆ. ಸಾಯದೆ ಉಳಿದ ತಾಯಿಮೀನು ಮೊಟ್ಟೆಯ ಭಂಡಾರದ ಕೊಬ್ಬಿನೊಡನೆ ವಿಷವನ್ನೂ ಮರಿಗೆ ದಾಟಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನ ಟ್ರೌಟ್ ಮರಿಗಳು ಆ ಭಂಡಾರವನ್ನು ಹೀರಿ ಮುಗಿಸುವ ಹೊತ್ತಿಗೆ ಸಾಯುತ್ತಿದ್ದುದಕ್ಕೆ ಇದೇ ಕಾರಣವೆಂದು 1964ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಪುಸ್ತಕ ಬರೆಯುತ್ತಿರುವಾಗಲೇ ಕಾರ್ಸನ್ ಅವರಿಗೆ ಸ್ತನ ಕ್ಯಾನ್ಸರ್. 1960ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ರೋಗದ ನಿಜವನ್ನು ವೈದ್ಯರು ಅವರಿಗೆ ಕೂಡಲೇ ಹೇಳಲಿಲ್ಲ. ಆ ಕಾಲದಲ್ಲಿ ಹೆಂಗಸರಿಗೆ ಹೇಳದಿರುವುದೇ ರೂಢಿ. ವಿಕಿರಣ ಚಿಕಿತ್ಸೆಯ ನಡುವೆ, ಕಣ್ಣಿನ ಉರಿಯೂತದಿಂದ ಓದಲಾಗದ ದಿನಗಳ ನಡುವೆ ಕೆಲಸ ಸಾಗಿತು. ತಮ್ಮ ಕಾಯಿಲೆಯನ್ನು ಅವರು ಹೊರಗೆ ಬಿಟ್ಟುಕೊಡಲಿಲ್ಲ. ರಾಸಾಯನಿಕಗಳಿಗೂ ಕ್ಯಾನ್ಸರ್‌ಗೂ ಇರುವ ನಂಟಿನ ಬಗ್ಗೆ ಬರೆಯುತ್ತಿದ್ದವರಿಗೆ ಸ್ವಂತ ನೋವೇ ಪ್ರೇರಣೆ ಎಂದು ವಿರೋಧಿಗಳು ಹೇಳಿಬಿಡಬಹುದಿತ್ತು. ‘ಸೈಲೆಂಟ್ ಸ್ಪ್ರಿಂಗ್’, ಅಂದರೆ ಮೌನ ವಸಂತ, 1962ರ ಜೂನ್‌ನಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಮೂರು ಕಂತುಗಳಲ್ಲಿ, ಸೆಪ್ಟೆಂಬರ್ 27ರಂದು ಪುಸ್ತಕವಾಗಿ ಬಂತು. ಕೊನೆಯಲ್ಲಿ ಐವತ್ತಕ್ಕೂ ಹೆಚ್ಚು ಪುಟ ಆಧಾರಗಳ ಪಟ್ಟಿ. ಕೀಟನಾಶಕ ತಯಾರಕರು ಮೊಕದ್ದಮೆಯ ಬೆದರಿಕೆ ಹಾಕಿದರು, ಪಿಎಚ್.ಡಿ. ಇಲ್ಲದವರೆಂದರು, ಭಾವುಕ ಹೆಂಗಸೆಂದರು. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿ ಅವರ ವಾದವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಜೂನ್ 4ರಂದು ಅವರು ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು.

ಈ ಬದುಕನ್ನು ಪಾಠ ಮಾಡುವಾಗ ಒಂದು ಎಚ್ಚರ ಬೇಕು. ರಾಸಾಯನಿಕಗಳೆಲ್ಲ ಕೆಟ್ಟವು, ಕಾರ್ಸನ್ ಎಲ್ಲವನ್ನೂ ನಿಲ್ಲಿಸಲು ಹೇಳಿದರು ಎಂದು ಮಕ್ಕಳು ಬರೆದುಕೊಂಡರೆ ಅದು ಅವರಿಗೆ ಅನ್ಯಾಯ. ತಿಳಿಯದೆ, ಎಲ್ಲೆಂದರಲ್ಲಿ, ಪರಿಣಾಮ ನೋಡದೆ ಸುರಿಯುವುದನ್ನು ಅವರು ವಿರೋಧಿಸಿದರು. ಕೀಟದ ಸಹಜ ಶತ್ರುಗಳನ್ನು ಬಳಸುವಂಥ ದಾರಿಗಳನ್ನೂ ತೋರಿಸಿದರು. ಅಮೆರಿಕ 1972ರಲ್ಲಿ ಡಿಡಿಟಿಯನ್ನು ಕೃಷಿಯಿಂದ ಹೊರಗಿಟ್ಟಿತು. ಭಾರತವೂ ಕೃಷಿಯಲ್ಲಿ ಅದನ್ನು ನಿಲ್ಲಿಸಿ, ರೋಗವಾಹಕ ಸೊಳ್ಳೆಗಳ ನಿಯಂತ್ರಣಕ್ಕೆ ಉಳಿಸಿಕೊಂಡಿತು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೂಡ ಡಿಡಿಟಿಯ ಕ್ಲೋರಿನ್ ಗುಂಪಿನದೇ, ಮೀನಿಗೆ ಅತಿ ವಿಷಕಾರಿ. ಅಲ್ಲಿನ ಜನ ಅನುಭವಿಸಿದ್ದು ನಮಗೆ ಗೊತ್ತಿದೆ. ಸುಪ್ರೀಂ ಕೋರ್ಟ್ ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ, ಮೌನ ವಸಂತ ಬಂದು ಐವತ್ತು ವರ್ಷವಾಗುವ ಹೊತ್ತಿಗೆ. ಕರಾವಳಿಯ ಶಾಲೆಗಳಲ್ಲಿ ಪಾಠ ಮಾಡುವವರು ಈ ಪಾಠವನ್ನು ಕ್ಲಿಯರ್ ಲೇಕ್‌ನಲ್ಲೇ ನಿಲ್ಲಿಸಬೇಕಾಗಿಲ್ಲ. ಬಯಲುಸೀಮೆಯವರು ಸಿಂಪರಣೆಯ ಕ್ಯಾನನ್ನು ಕಾಲುವೆಯಲ್ಲಿ ತೊಳೆಯುವುದರ ಬಗ್ಗೆ ಮಕ್ಕಳನ್ನೇ ಮಾತಾಡಿಸಬಹುದು.

1963ರ ಕೊನೆಯಲ್ಲಿ ಮಿಸಿಸಿಪಿ ನದಿಯ ಕೆಳಭಾಗದಲ್ಲಿ ಸುಮಾರು 50 ಲಕ್ಷ ಮೀನುಗಳು ಸತ್ತು ತೇಲಿದವು. ಅವುಗಳಲ್ಲಿ ಕ್ಯಾಟ್‌ಫಿಶ್ ಬಹಳವಿದ್ದವು. 1964ರ ಮಾರ್ಚ್‌ನಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯ ವಿಜ್ಞಾನಿಗಳು ಸತ್ತ ಮೀನುಗಳಲ್ಲಿ ಎಂಡ್ರಿನ್ ಎಂಬ ಕೀಟನಾಶಕ ಸಿಕ್ಕಿತೆಂದು ಪ್ರಕಟಿಸಿದರು. ಕಾರ್ಸನ್ ಆಗ ಹಾಸಿಗೆ ಹಿಡಿದಿದ್ದರು. ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ, ಮೇರಿಲ್ಯಾಂಡ್‌ನ ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ತೀರಿಕೊಂಡರು. ಹನ್ನೆರಡು ವರ್ಷದ ರೋಜರ್‌ನನ್ನು ಅವರ ಪುಸ್ತಕಗಳ ಸಂಪಾದಕ ಪಾಲ್ ಬ್ರೂಕ್ಸ್ ಅವರ ಕುಟುಂಬ ಸಾಕಿತು. ಆ ಹುಡುಗ ತೀರ ಚಿಕ್ಕವನಿದ್ದಾಗ ಅವನೊಂದಿಗೆ ಕಡಲದಂಡೆಯಲ್ಲಿ, ಮಳೆಯ ಕಾಡಿನಲ್ಲಿ ಅಲೆದಾಡಿದ್ದನ್ನು, ಮಗುವಿಗೆ ಹೆಸರುಗಳನ್ನು ಕಲಿಸುವುದಕ್ಕಿಂತ ಮೊದಲು ನೋಡುವುದನ್ನು ಕಲಿಸಬೇಕೆಂಬುದನ್ನು ಅವರು 1956ರಲ್ಲಿ ಒಂದು ಲೇಖನವಾಗಿ ಬರೆದಿದ್ದರು. ಅದನ್ನು ಬೆಳೆಸಿ ಪುಸ್ತಕ ಮಾಡುವ ಆಸೆಯಿತ್ತು, ಸಮಯ ಸಿಗಲಿಲ್ಲ. ಲೇಖನ ಇದ್ದಂತೆಯೇ 1965ರಲ್ಲಿ, ಚಿತ್ರಗಳೊಂದಿಗೆ, ಸಣ್ಣ ಪುಸ್ತಕವಾಗಿ ಹೊರಬಂತು.